ಅಮ್ಮನ ಫೋನಿನಿಂದ ಫೋನ್‌ಪೇ ತೆಗೆಯಬೇಕಾ?

ರಘು: (ಫಾರ್ವರ್ಡ್) "ಎಚ್ಚರ!! ನಿಮ್ಮ ಮಗನ ದನಿಯಲ್ಲೇ ಮೋಸದ ಕರೆ ಬರುತ್ತದೆ. ಹಿರಿಯರ ಫೋನಿನಿಂದ ಯುಪಿಐ ಇವತ್ತೇ ತೆಗೆಯಿರಿ. ಬಟನ್ ಫೋನ್ ಕೊಡಿಸಿ. ಎಲ್ಲ ಗ್ರೂಪಿಗೂ ಕಳಿಸಿ."

ರಘು: ದೀಪಾವಳಿಗೆ ಊರಿಗೆ ಬಂದಾಗ ಅಮ್ಮನ ಫೋನಿನಿಂದ ಫೋನ್‌ಪೇ ತೆಗೆದುಬಿಡುತ್ತೇನೆ. ದೊಡ್ಡಪ್ಪಂದೂ ತೆಗೆಯೋಣ ಅಲ್ವಾ?

ಸುಧಾ: ಬೇಡ ರಘು. ಮೋಸದ ಕರೆ ಬಟನ್ ಫೋನಿಗೂ ಬರುತ್ತದೆ. ಫೋನ್‌ಪೇ ಇಲ್ಲ ಅಂದರೆ ಬ್ಯಾಂಕಿಗೇ ಓಡಿಸುತ್ತಾರೆ. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ "ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಅಂದದ್ದಕ್ಕೆ ಹೆದರಿ, ಎಫ್‌ಡಿ ಮುರಿಸಿ ಬ್ಯಾಂಕಿನಿಂದಲೇ ಆರ್‌ಟಿಜಿಎಸ್‌ನಲ್ಲಿ ದೊಡ್ಡ ಮೊತ್ತ ಕಳಿಸಿದವರ ಸುದ್ದಿ ಪೇಪರಿನಲ್ಲಿ ಓದಿಲ್ವಾ?

ರಘು: ಆದರೂ ಸುಧಕ್ಕ, ಬ್ಯಾಂಕಿಗೆ ಹೋಗಿ ಬರೋದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ತಡೆಯಬಹುದು.

ಸರೋಜ: ನನ್ನ ಫೋನಿನ ಬಗ್ಗೆ ನನ್ನನ್ನೇ ಕೇಳದೆ ತೀರ್ಮಾನ ಮಾಡುತ್ತಿದ್ದೀರಲ್ಲ. ಕರೆಂಟ್ ಬಿಲ್ಲು, ಗ್ಯಾಸು, ಹಾಲಿನವನಿಗೆ ತಿಂಗಳ ದುಡ್ಡು ಎಲ್ಲ ಅದರಲ್ಲೇ ಕಟ್ಟುತ್ತೇನೆ. ಅದು ಹೋದರೆ ಪ್ರತಿಯೊಂದಕ್ಕೂ ಪಕ್ಕದ ಮನೆಯವರ ಮುಖ ನೋಡಬೇಕು.

ಸರೋಜ: ಬಟನ್ ಫೋನಿನ ಕಥೆ ಹೇಳುತ್ತೇನೆ ಕೇಳು. ನಮ್ಮ ಬೀದಿಯ ಮೇಷ್ಟ್ರ ಹತ್ತಿರ ಇದ್ದದ್ದು ಅದೇ. "ನಿಮ್ಮ ಮಗ ಸ್ಟೇಷನ್ನಿನಲ್ಲಿದ್ದಾನೆ, ಕೇಸು ಹಾಕೋ ಮುಂಚೆ ದುಡ್ಡು ಹಾಕಿ" ಅಂದರಂತೆ. ಹಿಂದೆ ಹುಡುಗ ಅಳುವ ಸದ್ದು. ಫೋನ್ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ ಅಂದರು. ಇವರು ಅಂಗಿ ಜೇಬಿನಲ್ಲಿ ಫೋನ್ ಆನ್ ಇಟ್ಟುಕೊಂಡೇ ಬ್ಯಾಂಕಿಗೆ ಹೋದರು. ಕೌಂಟರಿನ ಹುಡುಗಿ "ಇಷ್ಟೊಂದು ದುಡ್ಡು ಯಾಕೆ ಸಾರ್" ಅಂತ ಕೇಳಿದಳು. "ಸೈಟಿಗೆ ಅಡ್ವಾನ್ಸ್" ಅಂದುಬಿಟ್ಟರು. ಹಾಗೆ ಹೇಳಿ ಅಂತ ಕಲಿಸಿದವರೂ ಆ ಕಳ್ಳರೇ. "ಮಗನಿಗೆ ಒಂದು ಫೋನ್ ಮಾಡಬಾರದಿತ್ತಾ ಮೇಷ್ಟ್ರೇ" ಅಂದೆ. "ಹಗಲಲ್ಲಿ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಅಂತ ರೇಗುತ್ತಾನಮ್ಮಾ" ಅಂದರು.

ಕಿರಣ: ನಾನಿರುವ ಅಮೆರಿಕದಲ್ಲೂ ಇದು ಹಳೇ ದಂಧೆ. ಮೊಮ್ಮಗನ ಹೆಸರಲ್ಲಿ ಅಜ್ಜಿಗೆ ಫೋನ್ ಮಾಡಿ ಜಾಮೀನಿನ ದುಡ್ಡು ಕೇಳುತ್ತಾರೆ. ಈಗ ದನಿಯನ್ನೂ ನಕಲು ಮಾಡುತ್ತಾರೆ. ಎಐ ದನಿಯ ರೋಬೋಕಾಲ್ (ಯಂತ್ರ ತಾನಾಗಿ ಮಾಡುವ ಕರೆ) ಕಾನೂನುಬಾಹಿರ ಅಂತ ಇಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2024ರ ಫೆಬ್ರವರಿಯಲ್ಲಿ ಹೇಳಿತು. ಕಳ್ಳರು ಅದಕ್ಕೆಲ್ಲ ಬಗ್ಗುತ್ತಾರಾ? ಮನೆಗೊಂದು ಗುಟ್ಟಿನ ಪದ ಇಟ್ಟುಕೊಳ್ಳೋಣ.

ಸುಧಾ: ಇಟ್ಟುಕೊಳ್ಳೋಣ, ಆದರೆ ಈ ಗ್ರೂಪಿನಲ್ಲಿ ಬರೆಯಬೇಡ ಕಿರಣ, ಬಾಯಲ್ಲಿ ಹೇಳು. ಗಾಬರಿಯಲ್ಲಿ ಆ ಪದ ನೆನಪಾಗದೆಯೂ ಇರಬಹುದು. ಫೋನ್ ಕಟ್ ಮಾಡಿ, ಆ ವ್ಯಕ್ತಿಯದು ಅಂತ ಮೊದಲೇ ಗೊತ್ತಿರುವ ನಂಬರಿಗೆ ನಾವೇ ಮಾಡುವುದೇ ಗಟ್ಟಿ ದಾರಿ. 2023ರಲ್ಲಿ ಕೋಳಿಕ್ಕೋಡಿನ ನಿವೃತ್ತರೊಬ್ಬರಿಗೆ ಹಳೇ ಸಹೋದ್ಯೋಗಿಯ ಮುಖವೇ ವಿಡಿಯೊ ಕಾಲ್‌ನಲ್ಲಿ ಕಾಣಿಸಿತು. 40 ಸಾವಿರ ಹಾಕಿದರು. ಮತ್ತೆ ಕೇಳಿದಾಗ ಅನುಮಾನ ಬಂದು ಆ ಗೆಳೆಯರನ್ನೇ ಸಂಪರ್ಕಿಸಿದರು. ಆಗಲೇ ಮೋಸ ಗೊತ್ತಾಗಿದ್ದು.

ಶ್ರೀಧರ: ನಾನು ಬ್ಯಾಂಕಿನಲ್ಲಿ ದುಡಿದವನು, ಅದಕ್ಕೇ ಹೇಳುತ್ತೇನೆ. ಫೋನ್‌ಪೇ ತೆಗೆಯುವುದು ಬೇಡ. ಪಿಂಚಣಿ, ಎಫ್‌ಡಿ ಇರುವ ಖಾತೆಗೆ ಯುಪಿಐ ಜೋಡಿಸಬೇಡಿ. ಬೇರೆ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಇಟ್ಟು ಅದಕ್ಕೆ ಮಾತ್ರ ಜೋಡಿಸಿ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಟಿಆರ್ ನಂಬರ್, ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ, ಕೈಯಲ್ಲಿರಲಿ. ಕಳ್ಳರು ಆ ದುಡ್ಡನ್ನು ನಿಮಿಷಗಳಲ್ಲಿ ಬೇರೆ ಬೇರೆ ಖಾತೆಗೆ ದಾಟಿಸುತ್ತಾರೆ. ದಾಟುವ ಮೊದಲು ತಡೆಹಿಡಿದರಷ್ಟೇ ಸಿಗುವ ಆಸೆ. ಮಕ್ಕಳು ಬೈಯುತ್ತಾರೆ ಅಂತ ಸುಮ್ನೆ ಕೂತರೆ ಆ ಹೊತ್ತೂ ಹೋಗುತ್ತದೆ.

ರಘು: ಖಾತೆಯ ಮಾತು ಒಪ್ಪಿದೆ ದೊಡ್ಡಪ್ಪ. ಆದರೆ ಮೀಟಿಂಗಿನಲ್ಲಿ ಫೋನ್ ಎತ್ತೋಕೆ ನಿಜವಾಗಿಯೂ ಆಗಲ್ಲ.

ಸುಧಾ: ಎತ್ತದಿದ್ದರೆ ಪರವಾಗಿಲ್ಲ, "ಕ್ಷೇಮ, ಆಮೇಲೆ ಮಾಡುತ್ತೇನೆ" ಅಂತ ಒಂದು ಮೆಸೇಜ್ ಹಾಕು. ಇನ್ನೊಂದು ವಿಷಯ. ನಾವೇ ಆಫೀಸಿನಿಂದ "ಅಮ್ಮಾ, ಅರ್ಜೆಂಟು, ಈ ನಂಬರಿಗೆ ಐದು ಸಾವಿರ ಹಾಕು, ಆಮೇಲೆ ಹೇಳುತ್ತೇನೆ" ಅಂತ ಕಳಿಸುತ್ತೇವಲ್ಲ? ಅವರು ಏನೂ ಕೇಳದೆ ಹಾಕುತ್ತಾರೆ. ಕೇಳದೆ ಹಾಕೋ ಅಭ್ಯಾಸ ಮಾಡಿಸಿದವರು ನಾವು. ಕಳ್ಳನೂ ಅದೇ ಮಾತಾಡುತ್ತಾನೆ. ಇನ್ನು ಮೇಲೆ ದುಡ್ಡು ಬೇಕಾದರೆ ನಮ್ಮದೇ ನಂಬರಿನಿಂದ ಫೋನ್ ಮಾಡಿ ಕೇಳಬೇಕು. ಅವರು ಕಟ್ ಮಾಡಿ ತಿರುಗಿ ಮಾಡಿದರೆ ಬೇಜಾರು ಮಾಡಿಕೊಳ್ಳಬಾರದು.

ಕಿರಣ: ನಮ್ಮೂರಲ್ಲಿ ಹಗಲಾದರೆ ಇಲ್ಲಿ ರಾತ್ರಿ. ಆದರೂ ಮಾಡಮ್ಮಾ, ಎಷ್ಟು ಹೊತ್ತಿಗಾದರೂ ಎತ್ತುತ್ತೇನೆ.

ಸರೋಜ: ಭಾವ, ಖಾತೆ ಬೇರೆ ಮಾಡೋಕೆ ಸೋಮವಾರ ನಿಮ್ಮ ಜೊತೆ ಬ್ಯಾಂಕಿಗೆ ಬರುತ್ತೇನೆ. ರಘು, ನಿನ್ನ ಹೆಂಡತಿಯ ಹೊಸ ನಂಬರ್ ನನ್ನ ಹತ್ತಿರ ಇಲ್ಲ. ಇಲ್ಲಿ ಹಾಕಬೇಡ, ಸಂಜೆ ಫೋನ್ ಮಾಡಿ ಹೇಳು, ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಆಫೀಸಿನದ್ದೂ ಕೊಡು.

ರಘು: ಸರಿ ಅಮ್ಮ. ಏಳು ಗಂಟೆಗೆ ಮಾಡುತ್ತೇನೆ.