ಕಿಲಾರ್ನಿಯ ಯೂ ಕಾಡು: ಹೋಗಿ ಬಂದವರು ಸ್ವಲ್ಪ ತಿಳಿಸಿ

ಪ್ರಶ್ನೆ: ಜೂನ್ ಮೊದಲ ವಾರ ಐರ್ಲೆಂಡಿನ ಕಿಲಾರ್ನಿಗೆ ಹೊರಟಿದ್ದೇವೆ. ಮಕ್ರಾಸ್ ಸರೋವರದ ದಂಡೆಯ ಹಳೆಯ ಯೂ (ಸೂಜಿಯಂಥ ಎಲೆಯ ನಿತ್ಯಹಸಿರು ಮರ) ಕಾಡು ನೋಡುವ ಆಸೆ. ಇರುವುದು ಒಂದೇ ದಿನ. ಜೊತೆಗೆ ಅಮ್ಮ, ಆರು ವರ್ಷದ ಮಗಳು. ಎಲ್ಲಿಂದ ಶುರು ಮಾಡೋದು, ಏನೇನು ಎಚ್ಚರ ಬೇಕು?

— ಮಕ್ರಾಸ್ ಹೌಸ್‌ನಿಂದ ಶುರು ಮಾಡಿ. ಉದ್ಯಾನಕ್ಕೆ ಪ್ರವೇಶ ಉಚಿತ, ಬಂಗಲೆಯೊಳಗೆ ಹೋಗಲು ಮಾತ್ರ ಟಿಕೆಟ್. ಸರೋವರದ ಪೂರ್ತಿ ಸುತ್ತು ಸುಮಾರು 10 ಕಿ.ಮೀ. ಪಶ್ಚಿಮಕ್ಕೆ ಬ್ರಿಕೀನ್ ಸೇತುವೆ, ಅಲ್ಲಿಂದ ಡಿನಿಸ್ ಎಂಬ ಜಾಗ, ಆಮೇಲೆ ಟಾರ್ಕ್ ಬೆಟ್ಟದ ಕಡೆಯಿಂದ ವಾಪಸ್. ನಿಂತು ನೋಡುತ್ತ ನಡೆದರೆ ಮೂರೂವರೆ ಗಂಟೆ ಹಿಡಿಯುತ್ತದೆ. ಅಮ್ಮ, ಮಗು ಇರುವಾಗ ಅಷ್ಟು ಬೇಡ. ಯೂ ಕಾಡು ದಾರಿಯ ಮೊದಲ ಭಾಗದಲ್ಲೇ ಸಿಗುತ್ತದೆ, ನೋಡಿ ಹಿಂತಿರುಗಿ. ಸೈಕಲ್ ತೆಗೆದುಕೊಂಡರೆ ಸುತ್ತು ಏಕಮುಖ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲೇ ಹೋಗಬೇಕು.

— ರೀನಡಿನ ಎನ್ನುವ ಆ ಯೂ ಕಾಡು ಸುಮಾರು 25 ಹೆಕ್ಟೇರ್ ಅಷ್ಟೇ, ಆದರೆ ಪಶ್ಚಿಮ ಯುರೋಪಿನಲ್ಲಿ ಇಂಥದ್ದು ತೀರಾ ಅಪರೂಪ. ಮರಗಳು ನಿಂತಿರುವುದು ಮಣ್ಣಿನ ಮೇಲಲ್ಲ, ಬರೀ ಸುಣ್ಣದಕಲ್ಲಿನ ಮೇಲೆ. ಬೇರುಗಳು ಬಂಡೆಯನ್ನು ತಬ್ಬಿಕೊಂಡು ಬಿರುಕು ಹುಡುಕಿ ಇಳಿದಿರುತ್ತವೆ, ಮೇಲೆಲ್ಲ ದಪ್ಪ ಹಸಿರು ಪಾಚಿ. ಬಗ್ಗಿ ನೋಡಿ, ದಯವಿಟ್ಟು ಕಾಲಿಡಬೇಡಿ. ಪಾಚಿ ಚಕ್ಕೆಯಾಗಿ ಎದ್ದು ಬಂದರೆ ಕೆಳಗೆ ಬೋಳು ಕಲ್ಲು, ಮತ್ತೆ ಬೆಳೆಯಲು ವರ್ಷಗಳು ಬೇಕು. ಪಾಚಿಯಡಿಯ ಕುಳಿ ಕಣ್ಣಿಗೆ ಕಾಣುವುದಿಲ್ಲ, ಪಾದ ಉಳುಕುವುದೂ ಅಲ್ಲೇ. ಮಗಳು ಯೂ ಎಲೆ ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಹಸಿಯಾದರೂ ಒಣಗಿದರೂ ವಿಷವೇ.

— ಜೂನ್ ಅಂದಿರಲ್ಲ, ಕೆಂಪು ಜಿಂಕೆಗಳು ಮರಿ ಹಾಕುವ ಕಾಲ ಅದು. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿರುವ ಮರಿ ಅನಾಥವಲ್ಲ, ತಾಯಿ ಹತ್ತಿರದಲ್ಲೇ ಮೇಯುತ್ತಿರುತ್ತದೆ. ಮುಟ್ಟದೆ ಹಿಂದೆ ಸರಿಯಿರಿ. ಮೋಡ ಕವಿದು ಗಾಳಿ ನಿಂತ ಸಂಜೆ ನುಸಿ ಮುತ್ತುತ್ತದೆ, ಹೊತ್ತು ಮುಳುಗುವಾಗ ಹತ್ತು ಗಂಟೆಯ ಹತ್ತಿರ ಆಗಿರುತ್ತದೆ. ಗಾಳಿ ಬೀಸುವ ದಂಡೆಯಲ್ಲಿ ನಿಂತರೆ ಕಾಟ ಕಡಿಮೆ.

— ಉಣುಗಿನ ವಿಷಯ ಯಾರೂ ಹೇಳಲಿಲ್ಲ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ. ರಾತ್ರಿ ಮೊಣಕಾಲಿನ ಹಿಂಭಾಗ, ಕಂಕುಳು, ಮಗುವಿನ ಕೂದಲಂಚು ನೋಡಿ. ಕಚ್ಚಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡವೇ ಬೇಡ. ಮುಂದಿನ ಒಂದು ತಿಂಗಳೊಳಗೆ ಕೆಂಪು ಮಚ್ಚೆ ಅಗಲವಾಗುತ್ತ ಹೋದರೆ ಉಣುಗಿನಿಂದ ಹರಡುವ ಲೈಮ್ ಕಾಯಿಲೆ ಇರಬಹುದು, ವೈದ್ಯರಿಗೆ ತೋರಿಸಿ.

— ದಾರಿಯಲ್ಲಿ ನೇರಳೆ ಹೂ ತುಂಬಿದ ಪೊದೆ ಕಾಣಿಸುತ್ತದೆ, ರೋಡೋಡೆಂಡ್ರನ್. ಚಂದವೇನೋ ಹೌದು, ಆದರೆ ಅಲ್ಲಿನ ಓಕ್ ಕಾಡಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. ಹೊರಗಿನಿಂದ ತಂದು ನೆಟ್ಟದ್ದು, ಅದರ ದಟ್ಟ ನೆರಳಿನಲ್ಲಿ ಓಕ್ ಸಸಿ ಏಳುವುದೇ ಇಲ್ಲ. ಬೀಜ ಧೂಳಿನಷ್ಟು ಸಣ್ಣದು, ಬೂಟಿನ ಕೆಸರಿಗೆ ಅಂಟಿ ಪಯಣಿಸುತ್ತದೆ. ಒಳಹೋಗುವ ಮೊದಲೂ ಹೊರಬಂದ ಮೇಲೂ ಬೂಟಿನ ತಳದ ಗೆರೆಗಳನ್ನು ಬ್ರಷ್‌ನಿಂದ ಉಜ್ಜಿ. ಹಳೆಯ ಹಲ್ಲುಜ್ಜುವ ಬ್ರಷ್ ಆದರೂ ಸಾಕು.