ಅಜ್ಜನ ಟಗ್ ಎಲ್ಲಿ ಹೋಯಿತು

ಪುಟ್ಟಿ, ನೀನು ಮನೆಯವರ ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಅಜ್ಜ ಮಂಗಳೂರು ಬಂದರಿನಲ್ಲಿ ಕೆಲಸ ಮಾಡಿದ ಟಗ್, ಅಂದರೆ ದೊಡ್ಡ ಹಡಗು ಎಳೆಯುವ ದೋಣಿ, ಈಗ ಎಲ್ಲಿದೆ, ಅತ್ತೆ ಹೇಳಿದ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ ಅಂತ ಕೇಳಿದ್ದೀಯಲ್ಲ. ಅದರ ಕೆಳಗೆ ಸಾಗರದ ಮಾವ 'ಗುಜರಿಗೆ ಹೋಗಿ ಯಾವ ಕಾಲವಾಯ್ತೋ' ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಂಡಿದ್ದಾರೆ. ಅಷ್ಟು ಸುಲಭಕ್ಕೆ ಬಿಡುವ ವಿಷಯ ಅಲ್ಲ ಮಾರಾಯ್ತಿ. ತೀರ್ಥಹಳ್ಳಿಗೆ ವಾಪಸ್ ಬಂದು ತೋಟ ಹಿಡಿಯುವ ಮೊದಲು ನಾನು ಮಂಗಳೂರಿನಲ್ಲಿ ಬಂದರಿನ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಹಡಗಿನ ಕಾಗದಪತ್ರ ಅಂದರೆ ಈಗಲೂ ಕೈ ತುರಿಸುತ್ತದೆ. ಸ್ವಲ್ಪ ಉದ್ದ ಆಗುತ್ತದೆ. ಬೇಜಾರಾದವರು ಸುಮ್ನೆ ಮುಂದಕ್ಕೆ ಓಡಿಸಿಕೊಳ್ಳಿ.

ಮೊದಲನೆಯದು, ಹೆಸರು ಹಿಡಿದು ಹೋಗಬೇಡ. ಟಗ್‌ಗೆ ಹೆಸರು ನಿಲ್ಲುವುದೇ ಇಲ್ಲ. ಮಾಲೀಕ ಬದಲಾದರೆ ಹೆಸರೂ ಬದಲಾಗುತ್ತದೆ. ಹಳೆಯದನ್ನು ಮಾರಿ ಹೊಸದು ತಂದಾಗ ಹಳೆ ಹೆಸರನ್ನೇ ಹೊಸದಕ್ಕೆ ಇಡುವುದೂ ಉಂಟು. ಹಾಗಾಗಿ ಅದೇ ಹೆಸರಿನ ದೋಣಿ ಸಿಕ್ಕಿತು ಅಂತ ಕುಣಿಯುವ ಹಾಗಿಲ್ಲ. ನಮ್ಮ ಕೊಟ್ಟಿಗೆಯ ಗೌರಿಯನ್ನು ಮಾರಿದರೆ ಕೊಂಡವರ ಮನೆಯಲ್ಲಿ ಅವಳು ಕೆಂಪಿ ಆಗುತ್ತಾಳೆ. ಕಿವಿಯಲ್ಲಿರುವ ಹಳದಿ ಬಿಲ್ಲೆಯ ನಂಬರ್ ಮಾತ್ರ ಅದೇ ಇರುತ್ತದೆ, ಅಲ್ವಾ? ನಮಗೂ ಬೇಕಾದದ್ದು ನಂಬರ್.

ಹಡಗಿಗೆ ಐಎಂಒ, ಅಂದರೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಂಬರ್ ಅಂತ ಇರುತ್ತದೆ. ಏಳು ಅಂಕಿ. ಹಡಗು ಯಾರ ಕೈಗೆ ಹೋಗಲಿ, ಯಾವ ದೇಶದ ಬಾವುಟ ಹಾರಿಸಲಿ, ಗುಜರಿಗೆ ಹೋಗುವ ತನಕ ಅದು ಬದಲಾಗುವುದಿಲ್ಲ. ಈ ನಂಬರ್ ಕಡ್ಡಾಯವಾದದ್ದು 1996ರ ಜನವರಿಯಿಂದ. ಸರಕಿನ ಹಡಗಾದರೆ 300 ಟನ್ನಿನ ಮೇಲಿನದಕ್ಕೆ. ಬಂದರಿನೊಳಗೆ ಓಡಾಡುವ ಟಗ್ ಎಷ್ಟೋ ಸಲ ಅದಕ್ಕಿಂತ ಸಣ್ಣದು. ಆದರೂ ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್‌ನವರು 100 ಟನ್ನಿನಿಂದ ಮೇಲಿನದನ್ನೆಲ್ಲ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅರವತ್ತರ ದಶಕದಲ್ಲಿ ಅವರು ಕೊಡಲು ಶುರು ಮಾಡಿದ ನಂಬರೇ ಮುಂದೆ ಐಎಂಒ ನಂಬರ್ ಆಯಿತು. ಹಾಗಾಗಿ ಅಜ್ಜನ ಟಗ್‌ಗೂ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಈ ನಂಬರಿನಲ್ಲಿ ಒಂದು ಮಜಾ ಇದೆ. ಮಸುಕು ಫೋಟೋದಲ್ಲಿ ಅಂಕಿ ಓದಿದ್ದು ಸರಿಯೋ ತಪ್ಪೋ ಅಂತ ಮನೆಯಲ್ಲೇ ಲೆಕ್ಕ ಹಾಕಿ ನೋಡಬಹುದು. ಮೊದಲ ಆರು ಅಂಕಿಗಳನ್ನು ಸಾಲಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸು. ಮೊತ್ತದ ಕೊನೆಯ ಅಂಕಿ ಏಳನೇ ಅಂಕಿಗೆ ಸರಿಹೋಗಬೇಕು. 9074729 ಅಂತ ಇಟ್ಟುಕೋ. 63, ಸೊನ್ನೆ, 35, 16, 21, 4. ಕೂಡಿಸಿದರೆ 139. ಕೊನೆಗೆ 9 ಬಂತು, ನಂಬರಿನ ಕೊನೆಯಲ್ಲೂ 9. ಸರಿ ಇದೆ. ಮಳೆಗೆ ಶಾಲೆಗೆ ರಜೆ ಕೊಟ್ಟಾಗ ಮಕ್ಕಳಿಗೆ ಈ ಕೆಲಸ ಕೊಡಿ.

ಇನ್ನೊಂದು ನಂಬರ್ ಭಾರತದ ನೋಂದಣಿಯದ್ದು. ನೋಂದಣಿ ಆಗುವಾಗ ಅದನ್ನು ಹಡಗಿನ ಮುಖ್ಯ ತೊಲೆಯ ಮೇಲೆ ಕೆತ್ತಿಸಬೇಕು. ಬಣ್ಣ ಎಷ್ಟು ಸಲ ಬಳಿದರೂ ಕೆತ್ತಿದ್ದು ಹೋಗುವುದಿಲ್ಲ. ಕಟ್ಟಿದ ಯಾರ್ಡಿನವರ ಹಿತ್ತಾಳೆ ಫಲಕವೂ ಇರುತ್ತದೆ. ಕಟ್ಟಿದವರ ಹೆಸರು, ವರ್ಷ, ಯಾರ್ಡ್ ನಂಬರ್ ಎಲ್ಲ ಅದರಲ್ಲಿ ಸಿಗುತ್ತದೆ. ಹಿತ್ತಾಳೆಗೆ ಒಳ್ಳೆ ರೇಟು ನೋಡು, ಮಾರುವಾಗ ಮೊದಲು ಕಳಚುವುದು ಅದನ್ನೇ. ಎಂಜಿನ್ ಮೇಲಿನ ಫಲಕ ಸಿಕ್ಕರೆ ಜಾಸ್ತಿ ನಂಬಬೇಡ. ಟಗ್‌ನ ಎಂಜಿನ್ ಆಯುಷ್ಯದಲ್ಲಿ ಒಂದೆರಡು ಸಲ ಬದಲಾಗಿರುತ್ತದೆ.

ಈಗ ನಿನ್ನ ಫೋಟೋಗೆ ಬರೋಣ. ದೊಡ್ಡದು ಮಾಡಿ ಚೆನ್ನಾಗಿ ನೋಡಿದೆ. ಧಕ್ಕೆಯ, ಅಂದರೆ ಹಡಗು ನಿಲ್ಲುವ ಕಟ್ಟೆಯ ಮೇಲೆ ಅಜ್ಜ ನಿಂತಿದ್ದಾರೆ, ಅವರ ಬೆನ್ನ ಹಿಂದೆ ಟಗ್‌ನ ಹಿಂಭಾಗ. ಹೆಸರಿನ ಮೊದಲ ಅಕ್ಷರಗಳು ಅವರ ಹೆಗಲಿಗೆ ಮರೆ. ಅದರ ಕೆಳಗೆ ಬಾಂಬೆ ಅಂತ ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಬರೆದಿದೆ. ನಿನ್ನಪ್ಪ ಕೇಳಿದ್ದಾನೆ, ಇದು ಮುಂಬೈ ಫೋಟೋನಾ ಅಂತ. ಅಲ್ಲ. ಹಿಂಭಾಗದಲ್ಲಿ ಬರೆಯುವುದು ನೋಂದಣಿಯಾದ ಬಂದರಿನ ಹೆಸರು, ಕೆಲಸ ಮಾಡುವ ಬಂದರಿನದ್ದಲ್ಲ. ನಮ್ಮೂರಿನಲ್ಲಿ ಓಡುವ ಕಾರಿಗೆ ಬೆಂಗಳೂರಿನ ನಂಬರ್ ಇರುತ್ತದಲ್ಲ, ಹಾಗೆ. ಜಾಗ ಪಣಂಬೂರೇ, ಹೊಸ ಮಂಗಳೂರು ಬಂದರು ಇರುವ ಕಡೆ. ಹಿಂದೆ ಕಪ್ಪು ಹಡಗಿನ ಮೇಲೆ ಚಾಚಿಕೊಂಡಿರುವ ಉದ್ದನೆ ಯಂತ್ರ ಅದಿರು ತುಂಬುವುದು. ನಮ್ಮ ಕುದುರೆಮುಖದ ಅದಿರು. ಘಟ್ಟದ ಮೇಲೆ ಅದನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಆ ಗಣಿ ಕಂಪನಿ ಶುರುವಾದದ್ದು 1976ರಲ್ಲಿ, ಅದಿರಿನ ಹಡಗು ಬರಲು ಶುರುವಾದದ್ದು ಎಂಬತ್ತರ ದಶಕದ ಮೊದಲಲ್ಲಿ, ಗಣಿ ನಿಂತದ್ದು 2005ರ ಕೊನೆಗೆ. ಬಾಂಬೆ ಮುಂಬೈ ಆದದ್ದು 1995ರಲ್ಲಿ. ಹೀಗೆ ಲೆಕ್ಕ ಹಾಕಿದರೆ ಫೋಟೋ ಎಂಬತ್ತರಿಂದ ತೊಂಬತ್ತೈದರ ಒಳಗೆ ಬಂದು ನಿಲ್ಲುತ್ತದೆ.

ಹಗ್ಗ ಕಟ್ಟುವ ಕೊಕ್ಕೆ ಎಲ್ಲಿದೆ ನೋಡಿದೆಯಾ? ಹಿಂದಿನ ತುದಿಯಲ್ಲಿ ಇಲ್ಲ, ಹೆಚ್ಚುಕಡಿಮೆ ನಡುವಿನಲ್ಲಿದೆ. ಅದು ಹಳೆ ಕಾಲದ ಟಗ್‌ನ ಗುರುತು. ಕೊಕ್ಕೆ ನಡುವಿನಲ್ಲಿದ್ದರೆ ಹಡಗು ಎಳೆಯುವಾಗಲೂ ಟಗ್ ತನ್ನ ಹಿಂಭಾಗ ಆ ಕಡೆ ಈ ಕಡೆ ತಿರುಗಿಸಿಕೊಳ್ಳಬಹುದು. ಅಪಾಯವೂ ಅಲ್ಲೇ ಇರುವುದು. ಹಡಗು ಮುಂದೆ ಹೋಗಿ ಹಗ್ಗ ಅಡ್ಡಕ್ಕೆ ಬಿಗಿದರೆ ಟಗ್ ಮಗುಚಿಯೇ ಬಿಡುತ್ತದೆ. ಅದಕ್ಕೇ ಆ ಕೊಕ್ಕೆಗೆ ಒಂದೇ ಏಟಿಗೆ ಬಿಚ್ಚಿಕೊಳ್ಳುವ ವ್ಯವಸ್ಥೆ ಇರುತ್ತದೆ. ಅಜ್ಜ ಖಲಾಸಿಯಾಗಿ ಸೇರಿ ಆಮೇಲೆ ಎಂಜಿನ್ ರೂಮಿಗೆ ಯಂತ್ರಕ್ಕೆ ಎಣ್ಣೆ ಹಾಕುವ ಗ್ರೀಸರ್ ಆಗಿ ಹೋದವರು. ಮೇಲೆ ಹಗ್ಗ ಏನಾಗುತ್ತಿದೆ ಅಂತ ಕೆಳಗಿದ್ದವರಿಗೆ ಕಾಣುವುದಿಲ್ಲ, ದೋಣಿ ವಾಲಿದಾಗಲೇ ಗೊತ್ತಾಗುವುದು ಅಂತ ಹೇಳುತ್ತಿದ್ದರು. ಈಗಿನ ಟಗ್‌ಗಳಲ್ಲಿ ಪ್ರೊಪೆಲ್ಲರೇ ಸುತ್ತಲೂ ತಿರುಗುತ್ತದೆ, ಹಗ್ಗ ಮುಂಭಾಗದ ವಿಂಚಿನಿಂದ, ಅಂದರೆ ಹಗ್ಗ ಸುತ್ತುವ ಯಂತ್ರದಿಂದ ಹೋಗುತ್ತದೆ. ಅಂಥವು ಈಗ ನಮ್ಮ ಮಲ್ಪೆಯ ಯಾರ್ಡಿನಲ್ಲೇ ತಯಾರಾಗುತ್ತವೆ.

ಇನ್ನು ಮುಖ್ಯವಾದದ್ದು. ಹೆಸರಿನ ಬಿಳಿ ಅಕ್ಷರದ ಪಕ್ಕದಲ್ಲಿ, ಬಿಸಿಲು ಓರೆಯಾಗಿ ಬಿದ್ದ ಕಡೆ, ಬಣ್ಣದ ಅಡಿಯಲ್ಲಿ ಉಬ್ಬಿದ ಗೆರೆಗಳಿವೆ. ಕೊಳೆಯಲ್ಲ ಅದು. ಹಡಗಿನ ಹೆಸರನ್ನು ಬರೀ ಬಣ್ಣದಲ್ಲಿ ಬರೆಯುವುದಿಲ್ಲ, ಅಕ್ಷರದ ಅಂಚಿಗೆ ವೆಲ್ಡಿಂಗ್ ಗೆರೆ ಎಳೆದು ಒಳಗೆ ಬಣ್ಣ ತುಂಬುತ್ತಾರೆ. ಹೆಸರು ಬದಲಿಸಿದಾಗ ಹಳೆ ಗೆರೆಯನ್ನು ಪೂರ್ತಿ ಉಜ್ಜಿ ತೆಗೆಯದಿದ್ದರೆ ಹೀಗೆ ಎದ್ದು ಕಾಣುತ್ತದೆ. ಅಂದರೆ ಪುಟ್ಟಿ, ಅಜ್ಜ ಹತ್ತುವ ಮೊದಲೇ ಆ ಟಗ್‌ಗೆ ಇನ್ನೊಂದು ಹೆಸರಿತ್ತು. ಬೇರೆ ಬಂದರಿನಿಂದಲೋ ಬೇರೆ ಮಾಲೀಕನಿಂದಲೋ ಬಂದದ್ದು. ನಿನಗೆ ಏನೂ ಸಿಗದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಮೂಲ ಫೋಟೋವನ್ನು ಶಿವಮೊಗ್ಗದಲ್ಲಿ ಒಳ್ಳೆ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸು. ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದರೆ ಆ ಗೆರೆ ಓದಲು ಆಗುವುದಿಲ್ಲ. ಪಕ್ಕದಲ್ಲಿ ತೂಗುಹಾಕಿರುವ, ನೀರಿಗೆ ಬಿದ್ದವರಿಗೆ ಎಸೆಯುವ ಲೈಫ್‌ಬಾಯ್ ಬಳೆಯ ಮೇಲೂ ಹೆಸರು ಇದ್ದೇ ಇರುತ್ತದೆ, ಅದನ್ನೂ ನೋಡು.

ಹಿಂದಿನ ದೊಡ್ಡ ಹಡಗನ್ನು ಬಿಡಬೇಡ. ಅದರ ಹೆಸರು ಅರ್ಧಕ್ಕಿಂತ ಜಾಸ್ತಿ ಓದಬಹುದು. ದೊಡ್ಡ ಹಡಗಿನ ಚರಿತ್ರೆ ಹುಡುಕುವುದು ಸುಲಭ. ಈಕ್ವಾಸಿಸ್ ಅಂತ ಒಂದು ಜಾಲತಾಣ ಇದೆ, ಪುಕ್ಕಟೆ, ಹೆಸರು ನೋಂದಾಯಿಸಿಕೊಂಡರೆ ಸಾಕು. ಹಡಗಿನ ಫೋಟೋ ತೆಗೆಯುವ ಹುಚ್ಚಿನವರು ಪ್ರಪಂಚದ ತುಂಬ ಇದ್ದಾರೆ. ಟಗ್‌ನ ಫೋಟೋ ಅಂತ ಬೇಕೆಂದು ತೆಗೆಯುವವರು ಕಡಿಮೆ. ಆದರೆ ಹಡಗು ಬಂದರಿಗೆ ಬರುವ ಫೋಟೋ ತೆಗೆದರೆ ಅಂಚಿನಲ್ಲಿ ಟಗ್ ಬಿದ್ದೇ ಬೀಳುತ್ತದೆ. ಪಣಂಬೂರಿಗೆ ಆಗ ಬರುತ್ತಿದ್ದ ಹಡಗುಗಳ ಫೋಟೋ ಸಿಕ್ಕರೆ ಮೂಲೆಗಳನ್ನು ನೋಡು.

ಮಾವನ ಗುಜರಿ ಮಾತಿಗೆ ಬರುತ್ತೇನೆ. ಗುಜರಾತಿನ ಅಲಂಗ್‌ನಲ್ಲಿ 1983ರಿಂದ ಹಡಗು ಒಡೆಯುತ್ತಿದ್ದಾರೆ, ಅಲ್ಲಿಗೆ ಹೋಗುವುದು ಹೆಚ್ಚಾಗಿ ದೊಡ್ಡವು. ಟಗ್, ಸರಕು ಸಾಗಿಸುವ ಚಪ್ಪಟೆ ದೋಣಿ ಬಾರ್ಜ್, ಇಂಥ ಸಣ್ಣವನ್ನು ಮುಂಬೈಯ ದಾರುಖಾನಾದಲ್ಲಿ ಒಡೆಯುತ್ತಾರೆ. ಆದರೆ ಬಂದರಿನವರು ಟಗ್ ಮಾರಿದ ಕೂಡಲೇ ಅದು ಅಲ್ಲಿಗೆ ಹೋಗಬೇಕೆಂದೇನೂ ಇಲ್ಲ. ಬಂದರಿಗೆ ಹಳೆಯದಾದದ್ದು ಖಾಸಗಿಯವರಿಗೆ ಇನ್ನೂ ದುಡಿಯುತ್ತದೆ. ಬಾರ್ಜ್ ಎಳೆಯುತ್ತದೆ, ಹೂಳೆತ್ತುವ ಕೆಲಸಕ್ಕೆ ಹೋಗುತ್ತದೆ. ಗುಜರಿಗೆ ಹೋಗಿಯೂ ಉಳಿದದ್ದು ಉಂಟು. ಎಪ್ಪಲ್‌ಟನ್ ಹಾಲ್ ಅಂತ ಇಂಗ್ಲೆಂಡಿನ ಒಂದು ಟಗ್, ಬದಿಯ ಚಕ್ರದಿಂದ ಓಡುವುದು, 1914ರಲ್ಲಿ ಕಟ್ಟಿದ್ದು. ಅರವತ್ತರ ದಶಕದಲ್ಲಿ ಗುಜರಿಗೂ ಹೋಯಿತು, ಒಳಗಿನ ಮರ ತೆಗೆಯುವುದಕ್ಕೆ ಅದಕ್ಕೆ ಬೆಂಕಿಯನ್ನೂ ಕೊಟ್ಟಿದ್ದರು. ಆ ಸ್ಥಿತಿಯಲ್ಲಿ ಅಮೆರಿಕದವರು ಕೊಂಡು, ರಿಪೇರಿ ಮಾಡಿ, ಅಟ್ಲಾಂಟಿಕ್ ದಾಟಿಸಿ, ಪನಾಮ ಕಾಲುವೆ ಮೂಲಕ 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ತಂದರು, ಅದರದ್ದೇ ಯಂತ್ರದ ಬಲದಲ್ಲಿ. ನಮ್ಮ ಟಗ್‌ಗೆ ಅಷ್ಟು ಭಾಗ್ಯ ಇರಲಿಕ್ಕಿಲ್ಲ ಬಿಡು. ಆದರೂ ಮಾವ, ಗುಜರಿಗೆ ಹೋದದ್ದಕ್ಕೂ ಒಂದು ಕಾಗದ ಇರುತ್ತದೆ. ಆ ಕಾಗದ ನೋಡುವ ತನಕ ನಾನು ಒಪ್ಪುವವನಲ್ಲ.

ನಮ್ಮ ಟಗ್ ಇನ್ನೂ ಓಡುತ್ತಿದ್ದರೆ ಮೊಬೈಲಿನಲ್ಲೇ ಕಂಡರೂ ಕಾಣಬಹುದು. ಹಡಗುಗಳು ತಾವಿರುವ ಜಾಗವನ್ನು ರೇಡಿಯೋದಲ್ಲಿ ಹೇಳುತ್ತಾ ಇರುತ್ತವೆ, ಅದನ್ನು ನಕ್ಷೆಯಲ್ಲಿ ತೋರಿಸುವ ಆಪ್‌ಗಳಿವೆ. ಭಾರತದ ಹಡಗುಗಳ ರೇಡಿಯೋ ನಂಬರ್ 419ರಿಂದ ಶುರುವಾಗುತ್ತದೆ. ಬೇರೆ ದೇಶಕ್ಕೆ ಮಾರಿದರೆ ಈ ನಂಬರ್ ಬದಲಾಗುತ್ತದೆ, ಐಎಂಒ ಬದಲಾಗುವುದಿಲ್ಲ.

ಟಗ್ ಅಂದರೆ ಎಂಥ ಅಂತ ಕೇಳಿದ ಚಿಕ್ಕವರಿಗೆ ಒಂದು ಮಾತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕಾಪು ಹತ್ತಿರ ಬಂಡೆಗೆ ಸಿಕ್ಕಿಕೊಂಡ ದೋಣಿಯಿಂದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರು ಮಾಡಿದ್ದನ್ನು ಟಿವಿಯಲ್ಲಿ ನೋಡಿದ್ದಿರಲ್ಲ, ಹೆಲಿಕಾಪ್ಟರ್ ಎಲ್ಲ ಬಂದಿತ್ತು. ಆ ದೋಣಿಯೇ ಟಗ್. ಗಾತ್ರ ಸಣ್ಣದು, ಎಂಜಿನ್ ಭಾರಿ.

ಇಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. 2025ರ ಜುಲೈ 14ಕ್ಕೆ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತಲ್ಲ, ಎಲ್ಲರೂ ಸೇತುವೆ ಮೇಲೆ ಸೆಲ್ಫಿ ಹಾಕಿದಿರಿ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ತುಮರಿ ಕಡೆಯವರು ಬದುಕು ಸಾಗಿಸಿದ್ದೇ ಲಾಂಚಿನಲ್ಲಿ. ಆ ಲಾಂಚುಗಳ ನಂಬರ್ ಫಲಕದ ಫೋಟೋ ಒಬ್ಬರಾದರೂ ತೆಗೆದಿದ್ದೀರಾ? ಸಿಗಂದೂರಿಗೆ ಹೋಗುವವರು ದಯವಿಟ್ಟು ತೆಗೆಯಿರಿ. ನಾಳೆ ಯಾರದೋ ಮೊಮ್ಮಗಳು ಇದೇ ಥರ ಕೇಳುತ್ತಾಳೆ.

ಸರಿ, ಕೆಲಸಕ್ಕೆ ಬರೋಣ. ಅಜ್ಜಿಗೆ ತಿಂಗಳು ತಿಂಗಳು ಪೆನ್ಷನ್ ಬರುತ್ತಿತ್ತು. ಹಾಗಾದರೆ ಅಜ್ಜ ಕಂಟ್ರಾಕ್ಟರ್ ಕಡೆಯವರಲ್ಲ, ಬಂದರಿನ ನೌಕರರೇ. ಅವರ ಸರ್ವಿಸ್ ಬುಕ್ಕಿನಲ್ಲಿ ಯಾವ ದೋಣಿಗೆ ಯಾವಾಗ ಹಾಕಿದ್ದರು ಅಂತ ಬರೆದಿರುವ ಸಾಧ್ಯತೆ ಇದೆ. ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಪೆನ್ಷನ್ ಆದೇಶದ ಪ್ರತಿ ಇರಬೇಕು, ಅತ್ತೆಗೆ ಹೇಳಿ ತೆಗೆಸು. ಗೆದ್ದಲು ಹಿಡಿಯುವ ಮುಂಚೆ ತೆಗೆಸು. ಹೊಸ ಮಂಗಳೂರು ಬಂದರು ದೇಶದ ಒಂಬತ್ತನೇ ಪ್ರಮುಖ ಬಂದರು ಅಂತ ಆದದ್ದು 1974ರಲ್ಲಿ, ಹಾಗಾಗಿ ಅದು ಕೇಂದ್ರ ಸರ್ಕಾರದ ಕೈಕೆಳಗೆ ಬರುತ್ತದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಪಣಂಬೂರಿನ ಬಂದರು ಪ್ರಾಧಿಕಾರದ ಮಾಹಿತಿ ಅಧಿಕಾರಿಗೇ ಹಾಕಬೇಕು, ಬೆಂಗಳೂರಿಗಲ್ಲ. ಹಳೆ ಬಂದರು, ಅದೇ ನದಿ ಬಾಯಿಯ ಧಕ್ಕೆ, ರಾಜ್ಯ ಸರ್ಕಾರದ್ದು. ಅಲ್ಲಿ ದೊಡ್ಡ ಹಡಗು ಹೊರಗೆ ಸಮುದ್ರದಲ್ಲೇ ನಿಲ್ಲುತ್ತಿತ್ತು, ಸರಕು ಬಾರ್ಜಿನಲ್ಲಿ, ಮಂಜಿ ಅನ್ನುವ ಮರದ ದೋಣಿಯಲ್ಲಿ ಹೋಗುತ್ತಿತ್ತು. ಅದು ಬೇರೆ ಕಥೆ, ಕಲೆಸಬೇಡ.

ಅರ್ಜಿಯಲ್ಲಿ 'ನಮ್ಮ ಅಜ್ಜನ ಟಗ್ ಎಲ್ಲಿದೆ' ಅಂತ ಬರೆದರೆ 'ಮಾಹಿತಿ ಲಭ್ಯವಿಲ್ಲ' ಅಂತ ಒಂದೇ ಸಾಲು ಬರುತ್ತದೆ. ಹೀಗೆ ಕೇಳು. 1980ರಿಂದ 2005ರ ವರೆಗೆ ಬಂದರಿನಲ್ಲಿದ್ದ ಟಗ್‌ಗಳ ಪಟ್ಟಿ, ಪ್ರತಿಯೊಂದರ ನೋಂದಣಿ ನಂಬರ್, ಕಟ್ಟಿದ ಯಾರ್ಡ್ ಮತ್ತು ವರ್ಷ, ಬಂದರಿಗೆ ಬಂದ ದಿನ, ಸೇವೆಯಿಂದ ತೆಗೆದ ದಿನ, ಹರಾಜಾದ ದಿನ, ಕೊಂಡವರು ಯಾರು. ಕೊಂಡವರ ಹೆಸರು ಖಾಸಗಿ ಮಾಹಿತಿ ಅಂತ ಕೊಡದೇ ಹೋದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(3) ತೋರಿಸು. ಇಪ್ಪತ್ತು ವರ್ಷ ದಾಟಿದ ವಿಷಯಕ್ಕೆ ಆ ಥರದ ವಿನಾಯಿತಿ ನಡೆಯುವುದಿಲ್ಲ. ಹರಾಜು ಎಂಎಸ್‌ಟಿಸಿ ಅನ್ನುವ ಕೇಂದ್ರ ಸರ್ಕಾರದ ಹರಾಜು ಕಂಪನಿಯ ಮೂಲಕ ಆಗಿದ್ದರೆ ಆ ಹರಾಜಿನ ನಂಬರನ್ನೂ ಕೇಳು.

ಅರ್ಜಿ ಕನ್ನಡದಲ್ಲೇ ಬರೆಯಬಹುದು, ಕಾಯ್ದೆಯಲ್ಲೇ ಅವಕಾಶ ಇದೆ. ಶುಲ್ಕ ಹತ್ತು ರೂಪಾಯಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಪೋಸ್ಟಲ್ ಆರ್ಡರ್ ನಾನು ಇಲ್ಲಿಯೇ ತೆಗೆಸಿ ಬಸ್ಸಿನಲ್ಲಿ ಕಳಿಸುತ್ತೇನೆ. ನೀನು ಮೊದಲು ಬರೆದದ್ದನ್ನು ಗ್ರೂಪಿಗೆ ಹಾಕಬೇಡ, ನನಗೊಬ್ಬನಿಗೇ ಕಳಿಸು. ಇಲ್ಲದಿದ್ದರೆ ಮಾವ ತಿದ್ದಲು ಕೂರುತ್ತಾರೆ.