ಸೆರಾಮಿಕ್ ಕ್ಲಿಪ್ ತೆಗೆಸೋಕೆ ಲೇಸರ್ ಬೇಕೇ ಬೇಕಾ?

ದಾವಣಗೆರೆ ಅಮ್ಮ:
ನಮಸ್ಕಾರ ಎಲ್ರಿಗೂ. ಮಗಳ ಹಲ್ಲಿಗೆ ಎರಡು ವರ್ಷದಿಂದ ಸೆರಾಮಿಕ್ ಕ್ಲಿಪ್ ಇದೆ, ಮುಂದಿನ ತಿಂಗಳು ತೆಗೀತೀವಿ ಅಂದಿದಾರೆ, ಪ್ಲೈಯರಲ್ಲೇ. ನಮ್ ನಾದಿನಿ ಬೆಂಗಳೂರಲ್ಲಿ ಲೇಸರಲ್ಲಿ ತೆಗೀತಾರೆ, ಅದ್ರಲ್ಲಾದ್ರೆ ಹಲ್ಲು ಒಡೆಯಲ್ಲ ಅಂತಿದಾಳೆ. ಇವ್ಳು ನಾಲ್ಕನೇ ಕ್ಲಾಸಲ್ಲಿ ಸೈಕಲಿಂದ ಬಿದ್ದಿದ್ಳು, ಮೇಲಿನ ಮುಂದಿನ ಹಲ್ಲಲ್ಲಿ ಕೂದಲೆಳೆಯಷ್ಟು ಗೆರೆ ಇದೆ, ಟಾರ್ಚ್ ಬಿಟ್ರೆ ಕಾಣುತ್ತೆ. ಅದಕ್ಕೇ ಭಯ ಆಗ್ತಿದೆ, ಗೊತ್ತಿರೋರು ಹೇಳಿ.

ಆರ್ಥೊ ಡಾಕ್ಟರ್:
ಮೇಡಂ, ಸ್ಟೀಲ್ ಬ್ರಾಕೆಟ್, ಅಂದ್ರೆ ಒಂದೊಂದು ಹಲ್ಲಿಗೂ ಅಂಟಿಸೋ ಪುಟ್ಟ ಕ್ಲಿಪ್, ಹಿಂಡಿದ್ರೆ ಬಗ್ಗುತ್ತೆ, ಅಂಟು ಬಿಡುತ್ತೆ. ಸೆರಾಮಿಕ್ ಅಂದ್ರೆ ಅಲ್ಯುಮಿನಿಯಂ ಆಕ್ಸೈಡ್, ಅದು ಬಗ್ಗೋದೇ ಇಲ್ಲ, ಹಾಗಾಗಿ ಹಿಂಡಿದ ಬಲ ಪೂರ್ತಿ ಅಂಟಿಗೆ, ಇಲ್ಲಾ ಹಲ್ಲಿನ ಹೊರಪದರ ಎನಾಮೆಲ್‌ಗೆ ಹೋಗುತ್ತೆ. 1980ರ ದಶಕದಲ್ಲಿ ಬಂದ ಮೊದಲ ಸೆರಾಮಿಕ್ ಬ್ರಾಕೆಟ್‌ಗಳನ್ನ ಸಿಲೇನ್ ಅನ್ನೋ ಅಂಟು ಹಿಡಿಸೋ ದ್ರವ ಹಚ್ಚಿ ಕೆಮಿಕಲ್ಲಾಗಿ ಅಂಟಿಸ್ತಿದ್ರು, ಕೆಲವು ಸಲ ಎನಾಮೆಲ್ ಚೂರೂ ಜೊತೆಗೇ ಕಿತ್ಕೊಂಡು ಬರ್ತಿತ್ತು. ಈಗಿನವು ಹಿಂಭಾಗದ ಗೀರುಗಳಲ್ಲಿ ಅಂಟು ಕಚ್ಚಿಕೊಂಡು ನಿಲ್ಲೋವು, ಕೆಲವದ್ರಲ್ಲಂತೂ ಮಧ್ಯ ಸೀಳು ಬಿಟ್ಟಿರ್ತಾರೆ, ಹಿಂಡಿದ್ರೆ ಎರಡಾಗಿ ಮಡಚ್ಕೊಂಡು ಬಂದ್ಬಿಡುತ್ತೆ.

ಲೇಸರ್ ಬ್ರಾಕೆಟನ್ನ ಕೀಳಲ್ಲ, ಒಳಗಿನ ಅಂಟನ್ನ ಮೆತ್ತಗೆ ಮಾಡುತ್ತೆ, ಆಮೇಲೆ ಕಡಿಮೆ ಬಲದಲ್ಲಿ ಬಿಡಿಸ್ಬಹುದು. ಪ್ರಶ್ನೆ ಬಿಸಿದು. 1965ರಲ್ಲಿ ಕೋತಿಗಳ ಹಲ್ಲಿನ ಮೇಲೆ ಮಾಡಿದ ಪ್ರಯೋಗದಲ್ಲಿ ಒಳಗಿನ ನರದ ಜಾಗ 5.5 ಡಿಗ್ರಿ ಬಿಸಿ ಏರಿದ್ರೆ ಕೆಲವು ಹಲ್ಲಿನ ನರ ಸಾಯುತ್ತೆ ಅಂತ ಕಂಡಿತ್ತು, ಇವತ್ತಿಗೂ ನಾವು ಆ ಮಿತಿ ದಾಟಬಾರ್ದು ಅಂತಲೇ ನೋಡೋದು. ಎರ್ಬಿಯಂ ಲೇಸರ್, ತರಂಗಾಂತರ 2940 ನ್ಯಾನೋಮೀಟರ್‌ದು, ನೀರು ಚಿಮುಕಿಸ್ತಾ ಬಳಸಿದ್ರೆ ಒಳಗೆ ಬಿಸಿ ಹೋಗೋದು ಕಡಿಮೆ, ಆದ್ರೆ ಕೈ ಪಳಗಿರ್ಬೇಕು.

ಗೆರೆ ಇರೋ ಹಲ್ಲಿಗೆ ಬೇರೆ ದಾರಿನೂ ಇದೆ. ಆ ಒಂದೇ ಬ್ರಾಕೆಟನ್ನ ಹಿಂಡದೆ ತಿರುಗೋ ಪುಟ್ಟ ಉಜ್ಜುಮೊನೆ, ಅಂದ್ರೆ ಡೈಮಂಡ್ ಬರ್‌ನಲ್ಲಿ ನೀರು ಹಾಕ್ತಾ ಉಜ್ಜಿ ತೆಗೀಬಹುದು. ನಿಧಾನ, ಆದ್ರೆ ಆ ಗೆರೆಗೆ ಜೋರು ಬೀಳಲ್ಲ.

ಹುಬ್ಬಳ್ಳಿ ಹುಡುಗ:
ಅಕ್ಕಾರ, ನಂದು ಹೋದ ವರ್ಷ ಪ್ಲೈಯರ್‌ದಾಗ ತೆಗದ್ರು. ಹತ್ತಿ ಉಂಡಿ ಕಚ್ಚಕೊ ಅಂದ್ರು, ಟಕ್ ಅಂತ ಸಪ್ಪಳ, ಮೊದಲ ಮೂರು ನಾಲ್ಕು ಬಂದ್ವು. ಕೋರೆಹಲ್ಲಿಂದು ಮಾತ್ರ ಅರ್ಧ ಮುರದು ಹಲ್ಲಿನ ಮ್ಯಾಲೆ ಉಳೀತು, ಅದನ್ನ ಉಜ್ಜಾಕ ಹತ್ತು ನಿಮಿಷ ಹಿಡೀತು, ನೋವಿರ್ಲಿಲ್ಲ ಆದ್ರ ಭಾಳ ಹೆದ್ರಿದ್ದೆ. ಮೊದ್ಲ ಹೇಳಿದ್ರ ಅಷ್ಟು ಹೆದರ್ತಿರ್ಲಿಲ್ಲ. ಮಗಳಿಗೆ ಹಿಂಗಾಗಬಹುದು ಅಂತ ಮೊದಲ ಹೇಳಿ ಇಡ್ರಿ.

ದಾವಣಗೆರೆ ಅಮ್ಮ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಡಾಕ್ಟ್ರೇ, ಲೇಸರಲ್ಲಿ ಮಾಡಿಸಿದ್ರೆ ಹಲ್ಲಿನ ಮೇಲೆ ಉಳಿಯೋ ಅಂಟೂ ಹೋಗುತ್ತಾ?

ಆರ್ಥೊ ಡಾಕ್ಟರ್:
ಇಲ್ಲ ಮೇಡಂ, ಯಾವ್ದ್ರಲ್ಲಿ ತೆಗೆದ್ರೂ ಸಾಮಾನ್ಯವಾಗಿ ಉಳಿದ ಅಂಟನ್ನ ಬರ್ ಹಾಕೇ ತೆಗೀಬೇಕು, ಆಮೇಲೆ ಪಾಲಿಶ್. ಅಂಟು ಹಲ್ಲಿನ ಮೇಲೇ ಉಳಿದಿದೆ ಅಂದ್ರೆ ಗಾಬರಿ ಬೇಡ, ಎನಾಮೆಲ್ ಹತ್ರ ಬಿರಿಯದೆ ಬ್ರಾಕೆಟ್ ಹತ್ರ ಬಿಟ್ಟಿದೆ ಅಂತ ಅರ್ಥ, ನಮಗೆ ಬೇಕಾಗಿರೋದೂ ಅದೇ. ತೆಗೆಯೋ ದಿನ ಮೊದಲೇ ಆ ಗೆರೆ ತೋರಿಸಿ ಫೋಟೋ ತೆಗೆಸಿಡಿ.